ಬಾರದವರಿಗೂ ಒಂದು ಕೋಣೆ: ಕೀಬೋರ್ಡ್, ಮೌಸ್‌ಗಳ ಲೆಕ್ಕಪುಸ್ತಕದಲ್ಲಿ ಮೆಮೊರಿ ಉಳಿಸುವ ಬಗೆ

ಜನವರಿ ಕೊನೆಯ ಒಂದು ಸಂಜೆ. ಕೊಡಗಿನ ಗೋಣಿಕೊಪ್ಪಲಿನಿಂದ ಸ್ವಲ್ಪ ಒಳಗಿರುವ ತೋಟವೊಂದರ ಕಣ. ರೋಬಸ್ಟಾ ಹಣ್ಣು ಕೊಯ್ದು ತಂದವರು ಗೋಣಿಚೀಲ ಇಳಿಸಿ ಸಾಲಾಗಿ ನಿಂತಿದ್ದಾರೆ. ತಕ್ಕಡಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಡಬ್ಬಿಯೊಂದಿದೆ. ಅದರ ಮೇಲೆ 16 ಕೀಗಳ ಚಿಕ್ಕ ಕೀಪ್ಯಾಡ್, ಎರಡು ಸಾಲಿನ ಪುಟ್ಟ ಪರದೆ. ರೈಟ್ರು (ತೋಟದ ಲೆಕ್ಕ ಬರೆಯುವವರು) ಚೀಟಿ ನಂಬರ್ ಒತ್ತಬೇಕು, ತೂಕ ಒತ್ತಬೇಕು, ಡಬ್ಬಿ ಅದನ್ನು ಮೆಮೊರಿ ಕಾರ್ಡಿಗೆ ಬರೆದಿಡಬೇಕು. ಇಷ್ಟೇ ಕೆಲಸ. ಆ ಡಬ್ಬಿ ಮಾಡಿಕೊಟ್ಟವನು ನಾನು.

"ನಿಮ್ಮ ಡಬ್ಬಿ ಮತ್ತೆ ಗಪ್‌ಚುಪ್ ಆಯ್ತು ನೋಡಿ" ಅಂತ ರೈಟ್ರು ಫೋನ್ ಮಾಡಿದರು. ಬೆಳಿಗ್ಗೆ ಸರಿ ಇರುತ್ತೆ, ಸಂಜೆ ಸಾಲು ಉದ್ದ ಆದಾಗ ಮಾತ್ರ ನಿಂತುಹೋಗುತ್ತೆ. ಒಂದೊಂದು ಸಲ ನಿಲ್ಲುವುದಿಲ್ಲ, ಪರದೆಯ ಮೇಲೆ ಏನೇನೋ ಅಕ್ಷರ ಕುಣಿಯುತ್ತವೆ. ಬ್ಯಾಟರಿ ಬದಲಿಸಿದೆ, ವೈರು ಬದಲಿಸಿದೆ, ತಂಪಿಗೆ ತುಕ್ಕು ಹಿಡಿದಿರಬಹುದು ಅಂತ ಕೀಪ್ಯಾಡನ್ನೇ ಬದಲಿಸಿದೆ. ಏನೂ ಉಪಯೋಗವಾಗಲಿಲ್ಲ. ಕೊನೆಗೆ ಗೊತ್ತಾಗಿದ್ದು, ಮೆಮೊರಿ ಮುಗಿಯುತ್ತಿತ್ತು. ಅದನ್ನು ತಿನ್ನುತ್ತಿದ್ದದ್ದು ತೂಕದ ಲೆಕ್ಕವಲ್ಲ. ಕೀ ಒತ್ತಿದ ಲೆಕ್ಕ.

ಈ ಕತೆಯನ್ನು ಈಗ ಹೇಳಲು ಕಾರಣವಿದೆ. 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಏರುತ್ತಾ ಬಂದಿದೆ. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಯ ಕಡೆಗೆ ತಯಾರಕರು ತಿರುಗಿದ್ದಾರೆ. ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ, ನಮ್ಮಂಥವರು ಅಂಗಡಿಯಲ್ಲಿ ಕೊಳ್ಳುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಹಾಗಾಗಿ "ರ‍್ಯಾಮ್ ಅಗ್ಗ, ಇನ್ನೊಂದು ಕಡ್ಡಿ ಹಾಕಿಸಿ" ಅನ್ನುವ ಹಳೇ ಸಲಹೆ ಈಗ ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಸಾಫ್ಟ್‌ವೇರ್ ಬರೆಯುವವರು ಮತ್ತೆ ಬೈಟ್ ಎಣಿಸಲು ಶುರು ಮಾಡಿದ್ದಾರೆ. ಒಳ್ಳೆಯದೇ. ಆದರೆ ಎಲ್ಲಿ ಎಣಿಸಬೇಕು, ಎಲ್ಲಿ ಎಣಿಸಿದರೆ ಸುಮ್ನೆ ಹೊತ್ತು ಹಾಳು ಅನ್ನುವುದೇ ಪ್ರಶ್ನೆ. ಕೀಬೋರ್ಡ್, ಮೌಸ್, ಟಚ್‌ಪ್ಯಾಡ್‌ಗಳ ಉದಾಹರಣೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಯಾಕೆಂದರೆ ಅಲ್ಲಿ ಕೆಲಸ ಚಿಕ್ಕದು, ಲೆಕ್ಕಪುಸ್ತಕ ದೊಡ್ಡದು.

ಮೊದಲು ದೊಡ್ಡ ಕಂಪ್ಯೂಟರಿನ ವಿಷಯ ನೋಡೋಣ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇರುವ ಯಾವುದೇ ಲ್ಯಾಪ್‌ಟಾಪ್‌ನಲ್ಲಿ ಕರ್ನಲ್ (ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮ್) ಪ್ರತಿಯೊಂದು ಇನ್‌ಪುಟ್ ಸಾಧನಕ್ಕೂ ಒಂದು ದಾಖಲೆ ಇಟ್ಟುಕೊಳ್ಳುತ್ತದೆ. ಸಾಧನ ಅಂದರೆ ಕೀಬೋರ್ಡ್, ಮೌಸ್ ಮಾತ್ರ ಅಲ್ಲ. ಪವರ್ ಬಟನ್ ಕೂಡ ಒಂದು ಇನ್‌ಪುಟ್ ಸಾಧನ. ಮುಚ್ಚಳ ಮುಚ್ಚಿದ್ದನ್ನು ತಿಳಿಸುವ ಸ್ವಿಚ್ಚೂ ಹೌದು. ಹೆಡ್‌ಫೋನ್ ಚುಚ್ಚುವ ತೂತೂ ಹೌದು! ಪಟ್ಟಿ ತೆಗೆದು ನೋಡಿದರೆ ಹತ್ತು ಹದಿನೈದು ಹೆಸರು ಸಿಗುವುದು ಮಾಮೂಲು.

ಈ ದಾಖಲೆಯ ಒಳಗೆ ಏನಿದೆ? ಸಾಧನಕ್ಕೆ ಯಾವ್ಯಾವ ಕೀ ಇವೆ, ಈಗ ಯಾವುದು ಒತ್ತಿದೆ, ಯಾವ ಅಕ್ಷಗಳಿವೆ, ದೀಪಗಳಿವೆಯಾ, ಸದ್ದು ಮಾಡುತ್ತಾ, ಹೀಗೆ. ಕೀಗಳಿಗೆ ಲಿನಕ್ಸ್‌ನಲ್ಲಿ 768 ಸಂಖ್ಯೆಗಳಿಗೆ ಜಾಗವಿದೆ. ಎ ಅಕ್ಷರದ ಕೀ 30, ಪವರ್ ಬಟನ್ 116. ಒಂದೊಂದು ಕೀಗೆ ನಾಲ್ಕು ಬೈಟ್‌ನ ಒಂದೊಂದು ಪೂರ್ಣಾಂಕ ಇಟ್ಟಿದ್ದರೆ 3072 ಬೈಟ್ ಬೇಕಾಗುತ್ತಿತ್ತು. ಹಾಗೆ ಮಾಡಿಲ್ಲ. ಒಂದು ಕೀಗೆ ಒಂದೇ ಬಿಟ್, ಅಂದರೆ ಬೈಟ್‌ನ ಎಂಟನೇ ಒಂದು ಪಾಲು. 768 ಬಿಟ್ ಅಂದರೆ 96 ಬೈಟ್.

ತೋಟದ ಚೆಕ್‌ರೋಲ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಸರುಗಳು ಎಡಗಡೆ ಒಮ್ಮೆ ಬರೆದಿರುತ್ತವೆ. ದಿನಾ ಬೆಳಿಗ್ಗೆ ಬಂದವರ ಮುಂದೆ ಒಂದು ಗೀಟು. ಗೀಟು ಇದ್ದರೆ ಬಂದಿದ್ದಾರೆ, ಇಲ್ಲದಿದ್ದರೆ ಇಲ್ಲ. "ಈ ದಿನ ಇಂಥವರು ಕೆಲಸಕ್ಕೆ ಹಾಜರಾಗಿದ್ದಾರೆ" ಅಂತ ಪ್ರತಿಯೊಬ್ಬರ ಮುಂದೆಯೂ ಒಂದು ವಾಕ್ಯ ಬರೆಯುತ್ತಾ ಕೂತರೆ ಪುಸ್ತಕ ಒಂದು ವಾರಕ್ಕೆ ಮುಗಿದೀತು. ಬಿಟ್‌ಗಳ ಸಾಲು ಅಂದರೆ ಈ ಗೀಟುಗಳ ಸಾಲು.

ಆದರೆ ಗೀಟೇ ಯಾವಾಗಲೂ ಅಗ್ಗ ಅಂತಲ್ಲ. ನೂರು ಜನರ ಪಟ್ಟಿಯಲ್ಲಿ ಮೂರೇ ಜನ ಬರುವುದಾದರೆ ಆ ಮೂವರ ನಂಬರ್ ಬರೆದುಕೊಂಡರೆ ಸಾಕು. ಯುಎಸ್‌ಬಿ ಕೀಬೋರ್ಡ್ ಮಾಡುವುದು ಇದನ್ನೇ. ಅದು ಕಂಪ್ಯೂಟರಿಗೆ ಕಳಿಸುವ ಮೂಲ ಮಾದರಿಯ ವರದಿ ಬರೀ 8 ಬೈಟ್. ಮೊದಲ ಬೈಟ್‌ನಲ್ಲಿ ಕಂಟ್ರೋಲ್, ಶಿಫ್ಟ್, ಆಲ್ಟ್ ಮುಂತಾದ ಎಂಟು ಕೀಗಳಿಗೆ ಎಂಟು ಗೀಟು. ಎರಡನೆಯದು ಖಾಲಿ. ಉಳಿದ ಆರರಲ್ಲಿ ಆಗ ಒತ್ತಿರುವ ಆರು ಕೀಗಳ ನಂಬರ್. ಒಂದೇ ವರದಿಯಲ್ಲಿ ಎರಡೂ ಪದ್ಧತಿ ಇವೆ ನೋಡಿ. ಶಿಫ್ಟ್, ಕಂಟ್ರೋಲ್‌ಗಳನ್ನು ಒಟ್ಟೊಟ್ಟಿಗೆ ಒತ್ತುವುದು ಜಾಸ್ತಿ, ಸಂಖ್ಯೆಯಲ್ಲಿ ಅವು ಎಂಟೇ, ಹಾಗಾಗಿ ಗೀಟು. ಬೇರೆ ಕೀಗಳು ನೂರಕ್ಕೆ ಹತ್ತಿರ, ಒಮ್ಮೆಗೆ ಒತ್ತುವುದು ಒಂದೋ ಎರಡೋ, ಹಾಗಾಗಿ ಪಟ್ಟಿ. ಏಳನೆಯ ಕೀ ಒತ್ತಿದರೆ? ಕೀಬೋರ್ಡ್ ಆ ಆರೂ ಜಾಗದಲ್ಲಿ 1 ಅಂತ ತುಂಬಿ ಕಳಿಸುತ್ತದೆ. "ನನ್ನ ಕೈಯಲ್ಲಿ ಆಗಲಿಲ್ಲ" ಅಂತ ಅದರ ಅರ್ಥ. ಈ 1 ಅನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಡಬ್ಬಿಯ ವಿಷಯದಲ್ಲಿ ಬೇಕಾಗುತ್ತದೆ.

ಲಿನಕ್ಸ್‌ಗೆ ವಾಪಸ್ ಬರೋಣ. ಕೀಗಳ ಲೆಕ್ಕವನ್ನು ಅಷ್ಟು ಬಿಗಿಯಾಗಿ ಇಟ್ಟವರು ಅಕ್ಷಗಳ ವಿಷಯದಲ್ಲಿ ಬಹಳ ವರ್ಷ ಧಾರಾಳಿಗಳಾಗಿದ್ದರು. ಅಕ್ಷ ಅಂದರೆ ಜಾಯ್‌ಸ್ಟಿಕ್ ಎಷ್ಟು ವಾಲಿದೆ, ಟಚ್‌ಪ್ಯಾಡ್ ಮೇಲೆ ಬೆರಳು ಎಲ್ಲಿದೆ, ಎಷ್ಟು ಒತ್ತಿದೆ ಅನ್ನುವ ಅಳತೆಗಳು. ಇಂಥ 64 ಅಕ್ಷಗಳಿಗೆ ಜಾಗ. ಒಂದೊಂದಕ್ಕೂ ಆರು ಸಂಖ್ಯೆ: ಈಗಿನ ಅಳತೆ, ಕನಿಷ್ಠ, ಗರಿಷ್ಠ, ಸಣ್ಣ ನಡುಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಲು ಒಂದು, ಮಧ್ಯದ ಸ್ಥಿರ ಜಾಗಕ್ಕೆ ಒಂದು, ಸೂಕ್ಷ್ಮತೆಗೆ ಒಂದು. ನಾಲ್ಕು ಬೈಟ್‌ನ ಆರು ಸಂಖ್ಯೆ ಅಂದರೆ 24 ಬೈಟ್. ಇಂಥ 64 ಸೇರಿ 1536 ಬೈಟ್. ಈ ಜಾಗ ಪ್ರತಿಯೊಂದು ಸಾಧನದ ದಾಖಲೆಯ ಒಳಗೂ ಖಾಯಂ ಆಗಿ ಕೂತಿತ್ತು. ಪವರ್ ಬಟನ್‌ನ ದಾಖಲೆಯಲ್ಲೂ! ಇರುವುದು ಒಂದೇ ಗುಂಡಿ, ಯಾವ ಕಡೆಗೂ ವಾಲದ ಗುಂಡಿ, ಅದಕ್ಕೆ 64 ದಿಕ್ಕಿನ ಅಳತೆ ಬರೆಯಲು ಹಾಳೆ.

ತೋಟದ ಕೆಲಸದವರಿಗೆ ಕಟ್ಟುವ ನಮ್ಮ ಲೈನ್ ಮನೆಗಳ ಹಾಗೆ ಇದು. ಇಪ್ಪತ್ತು ಕೋಣೆಯ ಸಾಲು ಕಟ್ಟಿಬಿಟ್ಟಿದ್ದೇವೆ, ಕೆಲಸಕ್ಕೆ ಬಂದದ್ದು ಒಂದು ಸಂಸಾರ. ಉಳಿದ ಹತ್ತೊಂಬತ್ತು ಬಾಗಿಲು ಹಾಕಿಕೊಂಡು ಮಳೆಗೆ ಪಾಚಿ ಹಿಡಿಯುತ್ತವೆ. ಕೋಣೆ ಖಾಲಿ ಇದ್ದರೂ ಹೆಂಚು ಹಾಕಿದ ಖರ್ಚು ಖರ್ಚೇ.

2010ರಲ್ಲಿ ಡೇನಿಯಲ್ ಮ್ಯಾಕ್ ಎಂಬ ಡೆವಲಪರ್ ಇದನ್ನು ಬದಲಿಸಿದರು. ಇನ್‌ಪುಟ್ ವಿಭಾಗವನ್ನು ನೋಡಿಕೊಳ್ಳುವ ಡಿಮಿಟ್ರಿ ಟೊರೊಖೊವ್ ಅದನ್ನು ಸೇರಿಸಿಕೊಂಡರು. ಉಪಾಯ ಸರಳ. ದಾಖಲೆಯಲ್ಲಿ ಅಕ್ಷಗಳ ಕೋಷ್ಟಕದ ಬದಲು ಅದರ ವಿಳಾಸ ಮಾತ್ರ ಇಡುವುದು. ಯಾವುದಾದರೂ ಡ್ರೈವರ್ (ಸಾಧನವನ್ನು ನಡೆಸುವ ಪ್ರೋಗ್ರಾಮ್) "ನನ್ನ ಸಾಧನಕ್ಕೆ ಅಕ್ಷ ಇದೆ" ಅಂತ ಹೇಳಿದಾಗ ಮಾತ್ರ ಕೋಷ್ಟಕಕ್ಕೆ ಜಾಗ ಕೇಳುವುದು. 64 ಬಿಟ್ ಯಂತ್ರಗಳಲ್ಲಿ 3152 ಬೈಟ್ ಇದ್ದ ದಾಖಲೆ 1640ಕ್ಕೆ ಇಳಿಯಿತು.

ಈ ಬದಲಾವಣೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಕೊನೆಯ ಹೆಜ್ಜೆಯಲ್ಲ, ಅದರ ಹಿಂದಿನದು. ಅಲ್ಲಿಯವರೆಗೆ ಎಷ್ಟೋ ಡ್ರೈವರ್‌ಗಳು ಈ ಕೋಷ್ಟಕಕ್ಕೆ ನೇರವಾಗಿ ಕೈಹಾಕುತ್ತಿದ್ದವು. ಕೋಷ್ಟಕವನ್ನು ಅಲ್ಲಿಂದ ಎತ್ತಿದರೆ ಎಲ್ಲವೂ ಮುರಿದು ಬೀಳುತ್ತಿದ್ದವು. ಹಾಗಾಗಿ ಮೊದಲು ಮಾಡಿದ್ದು, ಅಕ್ಷದ ಅಳತೆ ಓದಲು, ಬರೆಯಲು ಪುಟ್ಟ ಪುಟ್ಟ ಫಂಕ್ಷನ್‌ಗಳು (ಒಂದೊಂದು ಕೆಲಸ ಮಾಡುವ ಪ್ರೋಗ್ರಾಮಿನ ತುಣುಕುಗಳು). ಆಮೇಲೆ ಡ್ರೈವರ್‌ಗಳನ್ನೆಲ್ಲ ಆ ದಾರಿಗೆ ತಂದದ್ದು. ಎಲ್ಲರೂ ಉಗ್ರಾಣದವನ ಮೂಲಕವೇ ಸಾಮಾನು ಕೇಳುವಂತಾದ ಮೇಲೆ, ಉಗ್ರಾಣ ಎಲ್ಲಿದೆ ಅನ್ನುವುದು ಯಾರಿಗೂ ಬೇಡವಾಯಿತು. ಆಗ ಜಾಗ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ಮೆಮೊರಿ ಉಳಿಸುವ ಕೆಲಸದಲ್ಲಿ ನಿಜವಾದ ಶ್ರಮ ಇರುವುದು ಇಲ್ಲೇ. ಬೈಟ್ ಕಡಿಮೆ ಮಾಡುವುದು ಸುಲಭ, ಬೈಟ್ ಇರುವ ಜಾಗದ ಮೇಲೆ ಎಷ್ಟು ಜನರ ಕೈ ಇದೆ ಅಂತ ಹುಡುಕಿ ಬಿಡಿಸುವುದು ಕಷ್ಟ.

ಇದಕ್ಕೆ ಬೆಲೆಯೂ ಇದೆ. ಮೊದಲು ಕೋಷ್ಟಕ ಯಾವಾಗಲೂ ಇರುತ್ತಿತ್ತು. ಈಗ ಇಲ್ಲದೆಯೂ ಇರಬಹುದು. ಓದುವ ಪ್ರತಿ ಸಲವೂ "ಇದೆಯಾ?" ಅಂತ ನೋಡಬೇಕು, ಇಲ್ಲದಿದ್ದರೆ ಸೊನ್ನೆ ಅಂತ ಹೇಳಬೇಕು. ಜಾಗ ಕೇಳಿದಾಗ ಸಿಗದೇ ಹೋಗಬಹುದು. ಅಕ್ಷ ಇದೆ ಅಂತ ಹೇಳಿಕೊಂಡು ಕೋಷ್ಟಕವೇ ಇಲ್ಲದೆ ಬಂದ ಸಾಧನವನ್ನು ಇಂದಿನ ಕರ್ನಲ್ ಸೇರಿಸಿಕೊಳ್ಳುವುದೇ ಇಲ್ಲ, ಬಾಗಿಲಲ್ಲೇ ವಾಪಸ್ ಕಳಿಸುತ್ತದೆ.

ಈಗ ಲೆಕ್ಕದ ಇನ್ನೊಂದು ಮಗ್ಗುಲು. ಇದನ್ನು ಬಹಳ ಜನ ನೋಡುವುದೇ ಇಲ್ಲ.

3152ರಿಂದ 1640ಕ್ಕೆ ಇಳಿದರೆ ಉಳಿದದ್ದು 1512 ಬೈಟ್ ಅಲ್ವಾ? ಅಲ್ಲ. ಕರ್ನಲ್ ಮೆಮೊರಿ ಕೊಡುವುದು ಕೇಳಿದಷ್ಟನ್ನೇ ಅಳೆದು ಅಲ್ಲ, ಚೀಲದ ಲೆಕ್ಕದಲ್ಲಿ. ಈ ಗಾತ್ರದ ಆಸುಪಾಸಿನಲ್ಲಿ ಅದರ ಹತ್ತಿರ ಇರುವ ಚೀಲಗಳು 1024, 2048, 4096 ಬೈಟ್‌ನವು. 3152 ಕೇಳಿದರೆ 4096ರ ಚೀಲ ಕೊಡುತ್ತದೆ, ಉಳಿದದ್ದು ಒಳಗೇ ಖಾಲಿ. 1640 ಕೇಳಿದರೆ 2048ರದು. ಅಂದರೆ ಪವರ್ ಬಟನ್‌ನಂಥ ಅಕ್ಷ ಇಲ್ಲದ ಸಾಧನಕ್ಕೆ ನಿಜವಾಗಿ ಉಳಿದದ್ದು 2048 ಬೈಟ್. ಲೆಕ್ಕಕ್ಕಿಂತ ಜಾಸ್ತಿಯೇ ಉಳಿಯಿತು.

ಟಚ್‌ಪ್ಯಾಡ್‌ನ ಕತೆ ಬೇರೆ. ಅದರ ದಾಖಲೆಗೆ 2048ರ ಒಂದು ಚೀಲ, ಅಕ್ಷಗಳ 1536 ಬೈಟ್ ಕೋಷ್ಟಕಕ್ಕೆ 2048ರದೇ ಇನ್ನೊಂದು ಚೀಲ. ಒಟ್ಟು 4096. ಮೊದಲೂ ಅಷ್ಟೇ ಇತ್ತು. ಒಂದು ಬೈಟೂ ಉಳಿಯಲಿಲ್ಲ! ಇದೇ ಲೆಕ್ಕದಲ್ಲಿ, ನೀವು ಬೆವರು ಸುರಿಸಿ ದಾಖಲೆಯನ್ನು 2000ದಿಂದ 1700 ಬೈಟ್‌ಗೆ ಇಳಿಸಿದರೆ ಲಾಭ ಸೊನ್ನೆ. 2060ರಿಂದ 2040ಕ್ಕೆ ಇಳಿಸಿದರೆ, ಬರೀ 20 ಬೈಟ್ ತೆಗೆದರೆ, ಲಾಭ 2048. ಕಾಫಿ ಮಾರುವವರಿಗೆ ಇದು ಗೊತ್ತು. ಐವತ್ತು ಕೆ.ಜಿ. ಚೀಲಕ್ಕೆ ಐವತ್ತೊಂದು ಕೆ.ಜಿ. ಇದ್ದರೆ ಎರಡನೇ ಚೀಲ ಬೇಕು. ನಲವತ್ತಾರನ್ನು ನಲವತ್ತೈದು ಮಾಡಿದರೆ ಚೀಲ ಒಂದೇ.

ಹಾಗಾದರೆ ಹತ್ತು ಹದಿನೈದು ಸಾಧನಕ್ಕೆ ತಲಾ 2 ಕೆಬಿ ಉಳಿಸಿದರೆ ಹೆಚ್ಚೆಂದರೆ 30 ಕೆಬಿ. ಪೊನ್ನಂಪೇಟೆಯ ಯಾವುದೋ ಕಂಪ್ಯೂಟರ್ ಸೆಂಟರಿನ 4 ಜಿಬಿ ಹಳೇ ಡೆಸ್ಕ್‌ಟಾಪ್‌ಗೆ ಇದರಿಂದ ಏನಾದರೂ ಗೊತ್ತಾಗುತ್ತಾ? ಖಂಡಿತ ಇಲ್ಲ. ಬ್ರೌಸರಿನ ಒಂದು ಟ್ಯಾಬ್ ಅದರ ಸಾವಿರಾರು ಪಟ್ಟು ತಿನ್ನುತ್ತದೆ. ರ‍್ಯಾಮ್ ಬೆಲೆ ಏರಿದ್ದಕ್ಕೆ ಇದು ಮದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಲಿನಕ್ಸ್ ಇರುವುದು ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಅಲ್ಲ, ಕೆಲವೇ ಮೆಗಾಬೈಟ್ ಇರುವ ರೂಟರ್‌ನಂಥ ಪೆಟ್ಟಿಗೆಗಳಲ್ಲೂ ಇದೆ, ಅಲ್ಲಿ 30 ಕೆಬಿಗೆ ಒಂದಿಷ್ಟು ಮರ್ಯಾದೆ ಇದೆ. ಆದರೂ ಕಣ್ಣಿಗೆ ಕಾಣುವ ಲಾಭ ಇರುವುದು ಬೇರೆ ಎರಡು ಕಡೆ. ಒಂದು, ಪದೇ ಪದೇ ಓಡಾಡುವ ಮಾಹಿತಿಯಲ್ಲಿ. ಇನ್ನೊಂದು, ನನ್ನ ಡಬ್ಬಿಯಂಥ ಬಡ ಚಿಪ್ಪುಗಳಲ್ಲಿ.

ಓಡಾಡುವ ಮಾಹಿತಿ ಅಂದರೆ ಘಟನೆಗಳು. ಕೀ ಒತ್ತಿದರೆ ಒಂದು ಘಟನೆ, ಬಿಟ್ಟರೆ ಇನ್ನೊಂದು. ಮೌಸ್ ಅಲ್ಲಾಡಿದರೆ ಸೆಕೆಂಡಿಗೆ ನೂರಾರು. ಲಿನಕ್ಸ್ ಇವನ್ನು ಪ್ರೋಗ್ರಾಮ್‌ಗಳಿಗೆ ಕೊಡುವಾಗ 64 ಬಿಟ್ ಯಂತ್ರದಲ್ಲಿ ಒಂದು ಘಟನೆಗೆ 24 ಬೈಟ್. ಅದರಲ್ಲಿ 16 ಬೈಟ್ ಬರೀ ಹೊತ್ತು: ಸೆಕೆಂಡು, ಮೈಕ್ರೋಸೆಕೆಂಡು. ನಡೆದದ್ದೇನು ಅನ್ನುವುದಕ್ಕೆ ಉಳಿದ 8 ಬೈಟ್. ಟಚ್‌ಸ್ಕ್ರೀನ್ ಮೇಲೆ ಬೆರಳು ಸರಿದರೆ ಅಡ್ಡ, ಉದ್ದ, ಒತ್ತಡ ಅಂತ ನಾಲ್ಕೈದು ಘಟನೆ ಒಟ್ಟಿಗೆ ಹುಟ್ಟುತ್ತವೆ. ಅವೆಲ್ಲ ನಡೆದದ್ದು ಒಂದೇ ಹೊತ್ತಿಗೆ. ಪ್ರತಿಯೊಂದರ ಮೇಲೂ ಅದೇ ಹೊತ್ತನ್ನು ಬರೆಯುವುದು ಯಾಕೆ? ಚೆಕ್‌ರೋಲ್‌ನಲ್ಲಿ ತಾರೀಕು ತಲೆಯ ಮೇಲೆ ಒಂದೇ ಸಲ ಇರುತ್ತದೆ. 2012ರಲ್ಲಿ ಹೆನ್ರಿಕ್ ರೈಡ್‌ಬರ್ಗ್ ಎಂಬ ಡೆವಲಪರ್ ಕರ್ನಲ್ ಒಳಗೆ ಇದನ್ನೇ ತಂದರು. ಒಳಗೆ ಘಟನೆ ಓಡಾಡುವುದು 8 ಬೈಟ್‌ನ ರೂಪದಲ್ಲಿ, ಒಂದು ಕಟ್ಟಾಗಿ. ಹೊತ್ತು ಸೇರುವುದು ಹೊರಗೆ ಕೊಡುವ ಸರದಿಗೆ ಹಾಕುವಾಗ ಮಾತ್ರ. ಜಾಗವೂ ಉಳಿಯಿತು, ಒಂದೊಂದು ಘಟನೆಗೂ ಒಮ್ಮೊಮ್ಮೆ ಎಲ್ಲರ ಬಾಗಿಲು ತಟ್ಟುವುದೂ ತಪ್ಪಿತು.

(ಹೊರಗಿನ ರೂಪವನ್ನು ಮಾತ್ರ ಮುಟ್ಟಲು ಆಗುವುದಿಲ್ಲ. ಹಳೇ ಪ್ರೋಗ್ರಾಮ್‌ಗಳು ಅದನ್ನೇ ನಂಬಿಕೊಂಡಿವೆ. 2038ರಲ್ಲಿ 32 ಬಿಟ್ ಗಡಿಯಾರ ತುಂಬಿ ಹರಿಯುವ ತೊಂದರೆಗೆ ಪರಿಹಾರ ಹುಡುಕುವಾಗಲೂ ಅಂಥ ಯಂತ್ರಗಳಲ್ಲಿ ಘಟನೆಯ ಗಾತ್ರ ಬದಲಿಸಲಿಲ್ಲ. ಸೆಕೆಂಡನ್ನು ಋಣ ಚಿಹ್ನೆ ಇಲ್ಲದ ಸಂಖ್ಯೆ ಅಂತ ಓದಿ 2106ರವರೆಗೆ ದೂಡಿದರು. ಅಷ್ಟರಲ್ಲಿ ನಾವಂತೂ ಇರುವುದಿಲ್ಲ.)

ಇನ್ನು ಡಬ್ಬಿ.

ಅದರ ಒಳಗಿರುವುದು ಎಟಿಮೆಗಾ 328ಪಿ. ಹವ್ಯಾಸಿಗಳು ಬಳಸುವ ಆರ್ಡುಯಿನೊ ಉನೊ ಬೋರ್ಡಿನಲ್ಲಿರುವ ಚಿಪ್ಪೇ. ಪ್ರೋಗ್ರಾಮ್ ಇಡಲು 32 ಕೆಬಿ ಇದೆ, ಆದರೆ ರ‍್ಯಾಮ್ ಬರೀ 2048 ಬೈಟ್. ಕರ್ನಲ್ ಒಂದು ಪವರ್ ಬಟನ್‌ಗೆ ಕೊಡುವ ಒಂದು ಚೀಲ ಇದ್ದಷ್ಟೇ! ಅದರಲ್ಲೇ ಇಡೀ ತೂಕದ ಲೆಕ್ಕ ನಡೆಯಬೇಕು. ನಾನು ಮೊದಲ ಸಲ ಬರೆದಾಗ ಲ್ಯಾಪ್‌ಟಾಪ್‌ಗೆ ಬರೆಯುವವನ ಹಾಗೆ ಧಾರಾಳವಾಗಿ ಬರೆದಿದ್ದೆ. ಒಂದೊಂದು ಕೀಗೂ ಈಗಿನ ಸ್ಥಿತಿ 2 ಬೈಟ್, ಹಿಂದಿನ ಸ್ಥಿತಿ 2, ಕೊನೆಗೆ ಬದಲಾದ ಹೊತ್ತು 4, ಒತ್ತಲು ಶುರುವಾದ ಹೊತ್ತು 4, ಕೀ ಮೇಲಿನ ಅಕ್ಷರ 1. ಒಟ್ಟು 13. ಹದಿನಾರು ಕೀಗೆ 208. ಕೆಲಸವಾಗುವವರೆಗೆ ಕಾದು ನಿಲ್ಲುವ ಘಟನೆಗಳ ಸರದಿಯಲ್ಲಿ 32 ಜಾಗ, ಒಂದೊಂದೂ 10 ಬೈಟ್, 320. ಅಲ್ಲಿಗೆ ಕೀಪ್ಯಾಡ್ ಒಂದಕ್ಕೇ 528 ಬೈಟ್.

ಇದರ ಜೊತೆ ಪರದೆಗೆ ಬರುವ "ಚೀಟಿ ನಂಬರ್ ಒತ್ತಿ" ಥರದ 25 ಸಂದೇಶಗಳು, ಇಂಗ್ಲಿಷ್ ಅಕ್ಷರಗಳಲ್ಲಿ, ತಲಾ 17 ಬೈಟ್. 425. ಸುಮ್ನೆ ಕೋಟ್ ಹಾಕಿ ಬರೆದ ಸಂದೇಶಗಳು ಈ ಚಿಪ್ಪಿನಲ್ಲಿ ಶುರುವಿನಲ್ಲೇ ರ‍್ಯಾಮ್‌ಗೆ ನಕಲಾಗುತ್ತವೆ ಅನ್ನುವುದು ನನಗೆ ಮರೆತೇಹೋಗಿತ್ತು. ಮೆಮೊರಿ ಕಾರ್ಡಿನ ಲೈಬ್ರರಿಗೆ (ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮಿಗೆ) 512. ಬೇರೆ ಯಂತ್ರದ ಜೊತೆ ಮಾತಾಡುವ ಸೀರಿಯಲ್ ಪೋರ್ಟಿಗೆ ಬರಲು 64, ಹೋಗಲು 64. ಎಲ್ಲ ಕೂಡಿದರೆ 1593. ಮಿಕ್ಕ ಎಲ್ಲ ಲೆಕ್ಕಕ್ಕೂ ಫಂಕ್ಷನ್‌ಗಳು ಒಂದನ್ನೊಂದು ಕರೆಯುವಾಗ ಬಳಸುವ ಸ್ಟ್ಯಾಕ್ ಅನ್ನುವ ಜಾಗಕ್ಕೂ ಸೇರಿ ಉಳಿದದ್ದು 455.

ಕಾರ್ಡಿಗೆ ಬರೆಯುವಾಗ ಫಂಕ್ಷನ್ ಒಳಗೆ ಫಂಕ್ಷನ್ ಒಳಗೆ ಫಂಕ್ಷನ್. ಆ ಹೊತ್ತಿಗೇ ರೈಟ್ರು ಕೀ ಒತ್ತಿದರೆ ಅದರ ಮೇಲೆ ಇಂಟರಪ್ಟ್, ಅಂದರೆ ಕೈಲಿರುವ ಕೆಲಸ ಬಿಟ್ಟು ಮೊದಲು ಕೀ ನೋಡು ಅನ್ನುವ ಕರೆ. ಸ್ಟ್ಯಾಕ್ ಮೇಲಿನಿಂದ ಕೆಳಗೆ ಬೆಳೆಯುತ್ತಾ ಬಂದು ಲೆಕ್ಕಗಳ ಮೇಲೆ ಕಾಲಿಡುತ್ತಿತ್ತು. ಇಷ್ಟು ಚಿಕ್ಕ ಚಿಪ್ಪಿನಲ್ಲಿ "ಇಲ್ಲಿಗೆ ಬರಬೇಡ" ಅನ್ನುವ ಬೇಲಿ ಇಲ್ಲ. ಆನೆ ತೋಟಕ್ಕೆ ಇಳಿದ ಹಾಗೆ, ಬೆಳಿಗ್ಗೆ ಹೋಗಿ ನೋಡಿದಾಗಲೇ ಏನು ಹೋಗಿದೆ ಅಂತ ಗೊತ್ತಾಗುವುದು. ಸಂಜೆ ಸಾಲು ಉದ್ದವಾದಾಗ ಮಾತ್ರ ಹಾಳಾಗುತ್ತಿದ್ದದ್ದು ಇದಕ್ಕೇ. ನಿಧಾನಕ್ಕೆ ಒತ್ತಿದರೆ ಕಾರ್ಡಿನ ಕೆಲಸವೂ ಕೀ ಒತ್ತುವುದೂ ಒಟ್ಟಿಗೆ ಬೀಳುತ್ತಲೇ ಇರಲಿಲ್ಲ.

ಸರಿಪಡಿಸಲು ಕೂತಾಗ ಕೇಳಿಕೊಂಡ ಪ್ರಶ್ನೆ ಒಂದೇ: ಈ ಕೀಪ್ಯಾಡಿಗೆ ನಿಜವಾಗಿ ಏನು ನೆನಪಿರಬೇಕು? ಹದಿನಾರು ಕೀ ಈಗ ಹೇಗಿವೆ, ಹದಿನಾರು ಗೀಟು, 2 ಬೈಟ್. ಸ್ವಲ್ಪ ಹಿಂದೆ ಹೇಗಿದ್ದವು, ಇನ್ನೊಂದು 2. ಲೋಹದ ಸಂಪರ್ಕ ಒತ್ತಿದಾಗ ಕೆಲವು ಮಿಲಿಸೆಕೆಂಡ್ ನಡುಗುತ್ತದೆ, ಒಂದು ಒತ್ತು ನಾಲ್ಕಾಗಿ ಕಾಣುತ್ತದೆ. ಅದು ತಣಿಯುವವರೆಗೆ ಕಾಯಲು ಒಂದು ಗಡಿಯಾರ ಬೇಕು. ಒಂದೊಂದು ಕೀಗೆ ಒಂದೊಂದಲ್ಲ, ಎಲ್ಲಕ್ಕೂ ಸೇರಿ ಒಂದೇ. ಯಾವುದೇ ಕೀ ಅಲ್ಲಾಡಿದರೂ ಗಡಿಯಾರ ಮತ್ತೆ ಸೊನ್ನೆಯಿಂದ. ಕೀಬೋರ್ಡ್ ಹುಚ್ಚಿನವರು ಬಳಸುವ ಕ್ಯೂಎಂಕೆ ಫರ್ಮ್‌ವೇರ್ (ಕೀಬೋರ್ಡಿನ ಒಳಗೇ ಕೂತಿರುವ ಪ್ರೋಗ್ರಾಮ್) ಕೂಡ ಮಾಮೂಲಾಗಿ ಹೀಗೇ ಮಾಡುತ್ತದೆ. ಆ ಗಡಿಯಾರಕ್ಕೆ 4 ಬೈಟೂ ಬೇಡ, 2 ಸಾಕು. 65 ಸೆಕೆಂಡಿಗೆ ಸುತ್ತು ಹೊಡೆದರೂ ನಾನು ಎಣಿಸುವುದು ಇಪ್ಪತ್ತು ಮಿಲಿಸೆಕೆಂಡ್. ಕೀ ಮೇಲಿನ ಅಕ್ಷರ ಎಂದೂ ಬದಲಾಗುವುದಿಲ್ಲ, ಹಾಗಾಗಿ ಅದು ಪ್ರೋಗ್ರಾಮ್ ಇರುವ 32 ಕೆಬಿಯ ಕಡೆಗೆ ಹೋಯಿತು. ಸಂದೇಶಗಳೂ ಅಲ್ಲಿಗೇ.

ಘಟನೆ ಒಂದಕ್ಕೆ 1 ಬೈಟ್ ಸಾಕು. ನಾಲ್ಕು ಬಿಟ್‌ನಲ್ಲಿ ಕೀ ನಂಬರ್, ಒಂದು ಬಿಟ್‌ನಲ್ಲಿ ಒತ್ತಿದ್ದೋ ಬಿಟ್ಟದ್ದೋ. ಮೂರು ಬಿಟ್ ಖಾಲಿ. ಹೊತ್ತು ಬೇಕಾಗಿಯೇ ಇರಲಿಲ್ಲ, ತೂಕ ಬರೆಯುವಾಗ ಒಮ್ಮೆ ಬರೆದರಾಯಿತು.

ಇಲ್ಲಿ ನನಗೆ ಜುಗ್ಗತನ ಹತ್ತಿತು. ಸರದಿಯನ್ನು 32ರಿಂದ 4ಕ್ಕೆ ಇಳಿಸಿದೆ. ನಾಲ್ಕೇ ಬೈಟ್! ಮೇಜಿನ ಮೇಲೆ ಎಲ್ಲ ಚೆನ್ನಾಗಿತ್ತು. ಡಬ್ಬಿ ನಿಲ್ಲುವುದೂ ನಿಂತಿತು. ಎರಡು ದಿನ ಬಿಟ್ಟು ರೈಟ್ರು ಬಂದರು. "127ರ ತೂಕ 12ರ ಲೆಕ್ಕಕ್ಕೆ ಹೋಗಿದೆ. ಆ ಹೆಂಗಸು ಕೇಳ್ತಾ ಇದ್ದಾಳೆ, ನಾನೇನು ಹೇಳಲಿ?" ಕಿಲೋ ಲೆಕ್ಕದಲ್ಲಿ ಕೂಲಿ. ಒಂದು ಅಂಕಿ ಬಿದ್ದುಹೋದರೆ ಒಬ್ಬರ ಒಂದು ದಿನದ ದುಡಿಮೆ ಇನ್ನೊಬ್ಬರ ಹೆಸರಿಗೆ.

ಆದದ್ದು ಇಷ್ಟು. ಹಿಂದಿನವರ ತೂಕ ಕಾರ್ಡಿಗೆ ಬರೆಯುತ್ತಿರುವಾಗಲೇ ರೈಟ್ರು ಮುಂದಿನ ಚೀಟಿ ಒತ್ತುತ್ತಿದ್ದರು. ಅವರ ಬೆರಳು ಅಷ್ಟು ಚುರುಕು. ಒತ್ತುವುದು, ಬಿಡುವುದು ಸೇರಿದರೆ ನಾಲ್ಕು ಘಟನೆ ಅಂದರೆ ಎರಡೇ ಕೀ. ಮೂರನೇ ಅಂಕಿಗೆ ಜಾಗವಿಲ್ಲ, ಬಿದ್ದುಹೋಯಿತು. ಡಬ್ಬಿ ಬಾಯಿ ಬಿಡಲಿಲ್ಲ. ಹಳೇ ಡಬ್ಬಿ ನಿಂತಾದರೂ ಹೋಗುತ್ತಿತ್ತು, ಇದು ಸುಳ್ಳು ಬರೆಯಿತು. ಯಾವುದು ಕೆಟ್ಟದ್ದು ಅಂತ ಕೇಳಿದರೆ ನನ್ನ ಉತ್ತರ ಎರಡನೆಯದೇ.

ಲಿನಕ್ಸ್ ಇಲ್ಲಿ ಏನು ಮಾಡುತ್ತದೆ ಅಂತ ಆಗ ಹೋಗಿ ನೋಡಿದೆ. ಸಾಧನವನ್ನು ತೆರೆದ ಪ್ರತಿ ಪ್ರೋಗ್ರಾಮ್‌ಗೂ ಅದು ಬೇರೆ ಬೇರೆ ಸರದಿ ಕೊಡುತ್ತದೆ. ಕನಿಷ್ಠ 64 ಘಟನೆಗಳದು. ಒಂದು ಕಟ್ಟಿನಲ್ಲಿ ಜಾಸ್ತಿ ಘಟನೆ ಕಳಿಸುವ ಸಾಧನವಾದರೆ ಅಂಥ 8 ಕಟ್ಟು ಹಿಡಿಸುವಷ್ಟು. 64ಕ್ಕೆ 24ರಂತೆ 1536 ಬೈಟ್. ದುಂದು ಅನ್ನಿಸಬಹುದು. ಆದರೆ ಅದೂ ತುಂಬಿದರೆ? 2011ರಿಂದ ಕರ್ನಲ್ ಒಂದು ವಿಶೇಷ ಘಟನೆ ಕಳಿಸುತ್ತದೆ, "ನಡುವೆ ಕೆಲವು ಬಿದ್ದುಹೋದವು" ಅಂತ. ಅದನ್ನು ಕಂಡ ಪ್ರೋಗ್ರಾಮ್ ಅರ್ಧಂಬರ್ಧ ಬಂದದ್ದನ್ನು ಬಿಸಾಕಿ, ಸಾಧನ ಈಗ ಹೇಗಿದೆ ಅಂತ ಹೊಸದಾಗಿ ಕೇಳಬೇಕು. ಕೀಬೋರ್ಡ್ ಏಳನೇ ಕೀಗೆ ಕಳಿಸುವ 1 ಕೂಡ ಇದೇ ಜಾತಿಯದು. ಸರದಿಯನ್ನು ಚಿಕ್ಕದು ಮಾಡುವ ಹಕ್ಕು ಇರುವುದು ತುಂಬಿದಾಗ ಹೇಳುವ ದಾರಿ ಇಟ್ಟವರಿಗೆ ಮಾತ್ರ.

ನಾನು ಸರದಿಯನ್ನು 16 ಮಾಡಿದೆ. ಎಂಟು ಕೀ. ಖಾಲಿ ಇದ್ದ ಮೂರು ಬಿಟ್‌ಗಳಲ್ಲಿ ಒಂದನ್ನು "ಬಿತ್ತು" ಅನ್ನುವ ಗುರುತಿಗೆ ಕೊಟ್ಟೆ. ಅದು ಕಂಡರೆ ಡಬ್ಬಿ ಕೀರಲು ದನಿಯಲ್ಲಿ ಕೂಗುತ್ತದೆ, ಆ ನಮೂದನ್ನೇ ಅಳಿಸಿ ಮೊದಲಿನಿಂದ ಒತ್ತಿ ಅನ್ನುತ್ತದೆ. ಈಗ ಲೆಕ್ಕ: ಸ್ಥಿತಿಗೆ 2, ಹಿಂದಿನ ಸ್ಥಿತಿಗೆ 2, ಗಡಿಯಾರ 2, ಸರದಿ 16, ಸರದಿಯ ತಲೆ, ಬಾಲಕ್ಕೆ ತಲಾ 1. ಒಟ್ಟು 24 ಬೈಟ್. ಮೊದಲು 528 ಇತ್ತು.

ಗೀಟು ಲೆಕ್ಕಕ್ಕೆ ಅದರದೇ ಕಾಟ ಇದೆ, ಮುಚ್ಚಿಡಬಾರದು. ಈ ಚಿಪ್ಪು ಒಮ್ಮೆಗೆ ಓದುವುದು ಒಂದೇ ಬೈಟ್. ಹದಿನಾರು ಗೀಟು ಅಂದರೆ ಎರಡು ಸಲ ಓದಬೇಕು. ಮೊದಲರ್ಧ ಓದಿದ ಮೇಲೆ ಇಂಟರಪ್ಟ್ ಬಂದು ಎರಡನೆಯರ್ಧ ಬದಲಿಸಿದರೆ, ಯಾವ ಹೊತ್ತಿನಲ್ಲೂ ಇಲ್ಲದ ಒಂದು ಸ್ಥಿತಿ ಕೈಗೆ ಬರುತ್ತದೆ. ಓದುವಷ್ಟು ಹೊತ್ತು ಇಂಟರಪ್ಟ್ ತಡೆದಿಡಬೇಕು. ಬಿಟ್ ಹೆಕ್ಕಿ ತೆಗೆಯಲು ಪ್ರೋಗ್ರಾಮ್ ಸ್ವಲ್ಪ ಉದ್ದವಾಗುತ್ತದೆ. ಇಲ್ಲಿ 32 ಕೆಬಿ ಖಾಲಿ ಬಿದ್ದಿತ್ತು, ಸರಿಹೋಯಿತು. ಎಲ್ಲ ಕಡೆ ಹಾಗಿರುವುದಿಲ್ಲ.

32 ಬಿಟ್ ಚಿಪ್ಪಿಗೆ, ಉದಾಹರಣೆಗೆ ಈಎಸ್‌ಪಿ32ಕ್ಕೆ ಇದೇ ಪ್ರೋಗ್ರಾಮ್ ಒಯ್ದರೆ ಇನ್ನೊಂದು ಸೋರಿಕೆ ಕಾಣುತ್ತದೆ. ಅಲ್ಲಿ 4 ಬೈಟ್‌ನ ಸಂಖ್ಯೆ 4ರ ಗುಣಕದ ವಿಳಾಸದಲ್ಲೇ ಕೂರಬೇಕು. 1 ಬೈಟ್, 4 ಬೈಟ್, 1 ಬೈಟ್, 2 ಬೈಟ್ ಅಂತ ಆ ಕ್ರಮದಲ್ಲಿ ಬರೆದರೆ ಮಧ್ಯೆ ಖಾಲಿ ಬಿಟ್ಟು ಒಟ್ಟು 12 ಆಗುತ್ತದೆ. ದೊಡ್ಡದನ್ನು ಮೊದಲು ಇಟ್ಟು 4, 2, 1, 1 ಅಂತ ಬರೆದರೆ 8. ಪಿಕಪ್‌ಗೆ ಮನೆ ಸಾಮಾನು ತುಂಬುವವರು ಬೀರುವನ್ನು ಮೊದಲು ಹತ್ತಿಸುವುದು ಇದಕ್ಕೇ. ಲಿನಕ್ಸ್‌ನವರ ಕೈಯಲ್ಲಿ ಇಂಥ ತೂತು ಹುಡುಕಲು ಪಾಹೋಲ್ ಅನ್ನುವ ಉಪಕರಣವಿದೆ, ಆರ್ನಾಲ್ಡೊ ಕಾರ್ವಾಲ್ಯೊ ದ ಮೆಲೊ ಬರೆದದ್ದು. ಯಾವ ದಾಖಲೆಯಲ್ಲಿ ಎಲ್ಲಿ ಎಷ್ಟು ಬೈಟ್ ಖಾಲಿ ಅಂತ ಅದು ಬೆರಳಿಟ್ಟು ತೋರಿಸುತ್ತದೆ.

ಈ ಸಲದ ಕೊಯ್ಲಿನಲ್ಲಿ ಡಬ್ಬಿ ಒಂದು ಸಲವೂ ನಿಲ್ಲಲಿಲ್ಲ. ಒಂದೆರಡು ಸಲ ಕೂಗಿತಂತೆ. ರೈಟ್ರಿಗೆ ಈಗ ಹೊಸ ಆಸೆ: ಚೀಟಿ ನಂಬರ್ ಒತ್ತಿದರೆ ಪರದೆಯಲ್ಲಿ ಹೆಸರು ಬರಬೇಕು, ಅದೂ ಕನ್ನಡದಲ್ಲಿ. "ನಂಬರ್ ನೋಡಿ ಯಾರಿಗೆ ಏನು ಗೊತ್ತಾಗುತ್ತೆ ಹೇಳಿ?" ಅವರು ಹೇಳುವುದು ಸರಿ. ಆದರೆ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ಪೊನ್ನಮ್ಮ ಅಂದರೆ ಸ್ವರಚಿಹ್ನೆ, ಒತ್ತಿನ ಗುರುತು ಎಲ್ಲ ಸೇರಿ ಎಂಟು ಸಂಕೇತ, 24 ಬೈಟ್. ನನ್ನ ಇಡೀ ಕೀಪ್ಯಾಡಿನ ಲೆಕ್ಕಕ್ಕೆ ಸಮ! 150 ಜನಕ್ಕೆ ಇಷ್ಟಿಷ್ಟೇ ಹಿಡಿದರೆ 3600, ಚಿಪ್ಪಿನ ರ‍್ಯಾಮ್‌ಗಿಂತ ಜಾಸ್ತಿ. ಹಾಗಾಗಿ ಹೆಸರುಗಳು ಕಾರ್ಡಿನಲ್ಲೇ ಇರಬೇಕು, ಬೇಕಾದಾಗ ಒಂದನ್ನು ಮಾತ್ರ ಓದಬೇಕು. ಈಗಿನ ಪುಟ್ಟ ಪರದೆಗೆ ನಾವೇ ಬರೆದುಕೊಡಬಹುದಾದ ಅಕ್ಷರ ಒಮ್ಮೆಗೆ ಎಂಟೇ, ಕನ್ನಡಕ್ಕೆ ಅದು ಸಾಲದು. ಚುಕ್ಕಿ ಚುಕ್ಕಿಯಾಗಿ ಬರೆಯುವ 128ಕ್ಕೆ 64ರ ಪರದೆ ಹಾಕಿದರೆ ಅದರ ಚಿತ್ರಕ್ಕೇ 1024 ಬೈಟ್ ಬೇಕು. ಕಾರ್ಡಿನ 512, ಸೀರಿಯಲ್‌ನ 128, ಕೀಪ್ಯಾಡಿನ 24 ಜೊತೆ ಸೇರಿದರೆ 1688. ಹಿಂದೆ ಡಬ್ಬಿ ಕೆಟ್ಟದ್ದು 1593ಕ್ಕೆ. ಪರದೆಯನ್ನು ಎಂಟು ಪಟ್ಟಿ ಮಾಡಿ, ಒಂದೇ 128 ಬೈಟ್ ಜಾಗದಲ್ಲಿ ಒಂದಾದ ಮೇಲೊಂದು ಬರೆಯುತ್ತಾ ಹೋದರೆ 792ರಲ್ಲಿ ಮುಗಿಯುತ್ತದೆ. ಹೆಸರು ಮೂಡುವುದು ಸ್ವಲ್ಪ ನಿಧಾನ ಆಗುತ್ತೆ ಅಂದೆ. "ಎಷ್ಟು ನಿಧಾನ?" ಅಂತ ಕೇಳಿದರು. ಚೀಲ ಇಳಿಸಿ ತಕ್ಕಡಿ ನಿಲ್ಲುವಷ್ಟರೊಳಗೆ ಬರುತ್ತೆ ಅಂದೆ. ಅವರು ಒಪ್ಪಿದ್ದಾರೆ. ಪರದೆಗೆ ಆರ್ಡರ್ ಹಾಕಿದ್ದೇನೆ.